ಸೂರ್ಯನ ಮೇಲೆ ಬುಧ: ಹುಬ್ಬಳ್ಳಿ-ಧಾರವಾಡದ ಪಡಸಾಲೆಯಲ್ಲಿ ಕೂತು ನೇರ ಪ್ರಸಾರ ನೋಡುವ ಬಗೆ

2032ರ ನವೆಂಬರ್ 13, ಶನಿವಾರ. ಅವತ್ತು ಮಧ್ಯಾಹ್ನ 12 ಗಂಟೆ 11 ನಿಮಿಷದ ಸುಮಾರಿಗೆ ಬುಧ ಗ್ರಹ ಸೂರ್ಯನ ಅಂಚು ಮುಟ್ಟುತ್ತದೆ. ಸೂರ್ಯನ ಮುಖದ ಮೇಲೆ ಹೆಚ್ಚುಕಡಿಮೆ ನಾಲ್ಕೂವರೆ ತಾಸು ಸಾಗಿ, 4 ಗಂಟೆ 37 ನಿಮಿಷಕ್ಕೆ ಆಚೆ ದಾಟುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಾ ಕಡೆ ಅಷ್ಟೂ ಹೊತ್ತು ಸೂರ್ಯ ಮೇಲೆಯೇ ಇರುತ್ತಾನೆ. ಹೋದ ಸಲ ನಮಗೆ ಈ ಭಾಗ್ಯ ಇರಲಿಲ್ಲ. 2019ರ ನವೆಂಬರ್ 11ರಂದು ನಮ್ಮಲ್ಲಿ ಹೊತ್ತು ಮುಳುಗಿದ ಕೆಲವೇ ನಿಮಿಷಕ್ಕೆ ಬುಧ ಸಂಕ್ರಮಣ, ಅಂದರೆ ಬುಧ ಹೀಗೆ ಸೂರ್ಯನ ಮುಖ ಹಾಯುವುದು, ಶುರುವಾಗಿತ್ತು.

ನಮ್ಮ ತಲೆ ಮೇಲೆಯೇ ನಡೆಯುವಾಗ ಟಿವಿಯಲ್ಲಿ ಯಾಕೆ ನೋಡಬೇಕು? ಬುಧ ಅಷ್ಟು ಸಣ್ಣದು, ಅದಕ್ಕೆ. ಅವತ್ತು ಅದರ ಅಗಲ ಸೂರ್ಯನ ಅಗಲದ 194ರಲ್ಲಿ ಒಂದು ಪಾಲು ಮಾತ್ರ. ಗ್ರಹಣದ ಕನ್ನಡಕ ಹಾಕಿಕೊಂಡು ಎಷ್ಟೇ ಕಣ್ಣು ಕಿರಿದು ಮಾಡಿದರೂ ಕಾಣುವುದಿಲ್ಲ. ಶುಕ್ರ ಆಗಿದ್ದರೆ ಮಾತು ಬೇರೆ. ಅದು 32ರಲ್ಲಿ ಒಂದು ಪಾಲು ಇರುತ್ತದೆ, ಕನ್ನಡಕ ಸಾಕು. ಆದರೆ 2004 ಮತ್ತು 2012ರ ಶುಕ್ರ ಸಂಕ್ರಮಣ ಎರಡೂ ಮುಗಿದುಹೋದವು, ಅದೂ ಮಳೆಗಾಲದ ಜೂನ್‌ನಲ್ಲಿ. ಮುಂದಿನದು 2117ರ ಡಿಸೆಂಬರ್‌ನಲ್ಲಿ. ಹಾಗಾಗಿ ನಮ್ಮ ಕಾಲಕ್ಕೆ ಬುಧನೇ ಗತಿ. ಬುಧನಿಗೆ ಬೇಕಾಗಿದ್ದು ಸೋಲಾರ್ ಫಿಲ್ಟರ್ ಹಾಕಿದ, ಕನಿಷ್ಠ 50 ಪಟ್ಟು ಹಿಗ್ಗಿಸುವ ಟೆಲಿಸ್ಕೋಪ್. ನಿಮ್ಮ ಓಣಿಯಲ್ಲಿ ಯಾರ ಹತ್ತಿರ ಇದೆ?

ಆದ್ದರಿಂದ ನೇರ ಪ್ರಸಾರ ಇಲ್ಲಿ ಎರಡನೇ ದರ್ಜೆಯ ದಾರಿ ಅಲ್ಲ. ಹೆಚ್ಚಿನವರಿಗೆ ಇದೇ ಸರಿಯಾದ ದಾರಿ. ಆದರೆ ಯೂಟ್ಯೂಬ್ ಒತ್ತಿ ಸುಮ್ನೆ ಕೂತರೆ ಚುಕ್ಕೆ ಕಾಣದೇ ಹೋಗಬಹುದು. ಕೆಳಗಿನದೆಲ್ಲ ಆ ಒಂದು ಚುಕ್ಕೆ ಕಾಣಿಸುವ ಏರ್ಪಾಡು.

ಮೊದಲು ಗಡಿಯಾರ ಸರಿ ಮಾಡಿಕೊಳ್ಳಿ

ಪ್ರಸಾರ ಮಾಡುವವರು ಸಾಮಾನ್ಯವಾಗಿ ಯುಟಿ, ಅಂದರೆ ಜಾಗತಿಕ ಸಮಯದ ಲೆಕ್ಕದಲ್ಲಿ ಹೊತ್ತು ಕೊಡುತ್ತಾರೆ. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮ ಸಮಯ. 2032ರದ್ದು ಹೀಗೆ:

ಅಂಚು ಮುಟ್ಟುವುದು: 06:41 ಯುಟಿ, ನಮ್ಮ ಮಧ್ಯಾಹ್ನ 12:11
ಸೂರ್ಯನ ನಡುವಿಗೆ ಅತಿ ಹತ್ತಿರ ಬರುವುದು: 08:54 ಯುಟಿ, ನಮ್ಮ 2:24
ಪೂರ್ತಿ ಹೊರಬೀಳುವುದು: 11:07 ಯುಟಿ, ನಮ್ಮ 4:37

ಒಂದೆರಡು ನಿಮಿಷ ಆಚೀಚೆ ಇಟ್ಟುಕೊಳ್ಳಿ. ಬುಧ ಪೂರ್ತಿಯಾಗಿ ಸೂರ್ಯನೊಳಗೆ ಬರಲು ಸುಮಾರು ಎರಡು ನಿಮಿಷ ಸಾಕು, ಹೊರಗೆ ಹೋಗಲೂ ಅಷ್ಟೇ. ನಿಜವಾಗಿ ಏನಾದರೂ 'ನಡೆಯುವುದು' ಈ ನಾಲ್ಕು ನಿಮಿಷದಲ್ಲೇ. ಉಳಿದ ಹೊತ್ತು ನಿಧಾನದ ನಡಿಗೆ. ಊಟ ಆಮೇಲೆ ಮಾಡಿದರಾಯಿತು, 12 ಗಂಟೆಗೇ ಟಿವಿ ಮುಂದೆ ಇರಿ.

ಒಂದು ಚಂದದ ಹೊಂದಾಣಿಕೆ ಇದೆ. ಹುಬ್ಬಳ್ಳಿಯಲ್ಲಿ ಅವತ್ತು ಸೂರ್ಯ ಅತಿ ಎತ್ತರಕ್ಕೆ ಏರುವುದು 12:14ರ ಹೊತ್ತಿಗೆ. ಅಂದರೆ ನಮ್ಮ ನಡುಹಗಲು ಮತ್ತು ಬುಧನ ಪ್ರವೇಶ ಹೆಚ್ಚುಕಡಿಮೆ ಒಂದೇ ಗಳಿಗೆಗೆ.

ಯಾರ ಪ್ರಸಾರ ನೋಡಬೇಕು?

ಎರಡು ಬಗೆಯ ಚಿತ್ರ ಸಿಗುತ್ತದೆ: ಬಾಹ್ಯಾಕಾಶದಿಂದ ಬರುವುದು, ನೆಲದ ಟೆಲಿಸ್ಕೋಪಿನಿಂದ ಬರುವುದು. ಎರಡನ್ನೂ ಇಟ್ಟುಕೊಳ್ಳಿ.

ಬಾಹ್ಯಾಕಾಶದ್ದರಲ್ಲಿ ನಾಸಾದ ಸೋಲಾರ್ ಡೈನಮಿಕ್ಸ್ ಅಬ್ಸರ್ವೇಟರಿ, ಅಂದರೆ ಎಸ್‌ಡಿಒ, ಹಳೆಯ ನಂಬಿಕಸ್ಥ. 2010ರಲ್ಲಿ ಹಾರಿತು. 2012ರ ಶುಕ್ರ, 2016 ಮತ್ತು 2019ರ ಬುಧ, ಮೂರನ್ನೂ ಹಿಡಿದುಕೊಟ್ಟಿತು. 2032ಕ್ಕೂ ಅದು ಕೆಲಸ ಮಾಡುತ್ತಿದ್ದರೆ ಮೊದಲ ಆಯ್ಕೆ ಅದೇ ಇರಲಿ. ಅಲ್ಲಿ ಮೋಡದ ಕಾಟ ಇಲ್ಲ. ಚಿತ್ರ ಅಲುಗಾಡುವುದಿಲ್ಲ. ಉತ್ತರ ಯಾವಾಗಲೂ ಮೇಲೆ. ಅದರ ಹೊಂಬಣ್ಣದ ಚಿತ್ರಗಳಲ್ಲಿ ಸೂರ್ಯನ ಸುತ್ತಲಿನ ಪ್ರಭೆ ಕೂಡ ಕಾಣುತ್ತದೆ. ಹಾಗಾಗಿ ಅಂಚು ಮುಟ್ಟುವ ಮೊದಲೇ ಆ ಪ್ರಭೆಯ ಮೇಲೆ ಬುಧ ಕಪ್ಪಾಗಿ ಎದ್ದು ಕಾಣುತ್ತದೆ. ಇದು ಟೆಲಿಸ್ಕೋಪ್ ಇದ್ದವರಿಗೂ ಸಿಗದ ನೋಟ. 11:45ಕ್ಕೇ ತೆರೆದಿಡಿ. ಒಂದೇ ತೊಡಕು, ಅದು ಪಕ್ಕಾ ಲೈವ್ ಅಲ್ಲ, ಚಿತ್ರಗಳು ತಡವಾಗಿ ಬರುತ್ತವೆ. ಜೊತೆಗೆ ಆ ನೌಕೆ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿದೆ. ಅಲ್ಲಿಂದ ನೋಡಿದಾಗ ಬುಧನ ಜಾಗ ತುಸು ಸರಿಯುತ್ತದೆ, ಸಮಯ ಕೆಲವು ನಿಮಿಷ ಹೆಚ್ಚುಕಡಿಮೆ ಆಗುತ್ತದೆ. ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ-ಎಲ್1 ಇನ್ನೂ ದೂರ, 15 ಲಕ್ಷ ಕಿ.ಮೀ. ಆಚೆ. ಅಂಥ ಜಾಗದಿಂದ ಬಂದ ಚಿತ್ರದಲ್ಲಿ ಸಮಯ ಎಷ್ಟೋ ನಿಮಿಷ ಹೊಂದದಿದ್ದರೆ ಗಾಬರಿ ಬೇಡ.

ನೆಲದ ಟೆಲಿಸ್ಕೋಪ್ ಆರಿಸುವಾಗ ಭೂಗೋಳ ನೆನಪಿಡಿ. ಈ ಸಂಕ್ರಮಣ ಏಷ್ಯಾ, ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾ ಕಡೆಯವರಿಗೆ ಅನುಕೂಲ. ಭಾರತದಲ್ಲಿ ಕೊಡೈಕೆನಾಲ್ ಸೌರ ವೀಕ್ಷಣಾಲಯ ನಡೆಸುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ನೆಹರೂ ತಾರಾಲಯ, ಉದಯಪುರದ ಸೌರ ವೀಕ್ಷಣಾಲಯ, ಇವುಗಳ ಪ್ರಕಟಣೆಗಳ ಮೇಲೆ ವಾರ ಮೊದಲೇ ಕಣ್ಣಿಡಿ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲೂ ಏನಾದರೂ ಏರ್ಪಾಡು ಇದೆಯಾ ಅಂತ ಒಂದು ಫೋನ್ ಮಾಡಿ ಕೇಳಿ. ಬೇರೆ ಬೇರೆ ಊರಿನ ಎರಡು ಪ್ರಸಾರವನ್ನಾದರೂ ಬೇರೆ ಬೇರೆ ಟ್ಯಾಬಿನಲ್ಲಿ ತೆರೆದಿಡಿ. ಒಂದು ಕಡೆ ಮೋಡ ಕವಿದರೆ ಇನ್ನೊಂದಕ್ಕೆ ಹಾರಬಹುದು.

ನಕಲಿ ಲೈವ್

ಇಂಥ ದಿನ ಹಳೆಯ ವಿಡಿಯೊ ಸುತ್ತಿಸಿ ಸುತ್ತಿಸಿ 'ಲೈವ್' ಅಂತ ಹಾಕುವ ಚಾನೆಲ್‌ಗಳು ಅಣಬೆಯಂತೆ ಏಳುತ್ತವೆ. ಪತ್ತೆ ಮಾಡುವುದು ಕಷ್ಟ ಅಲ್ಲ.

ಮೊದಲನೆಯದು ಹಗಲು-ರಾತ್ರಿ. ನಮ್ಮ ಮಧ್ಯಾಹ್ನ 12:11 ಅಂದರೆ ಅಮೆರಿಕದ ಅರಿಜೋನಾದಲ್ಲಿ ರಾತ್ರಿ 11:41. ಅವತ್ತು ಯಾರಾದರೂ 'ಅರಿಜೋನಾದ ಟೆಲಿಸ್ಕೋಪಿನಿಂದ ನೇರ ಪ್ರಸಾರ' ಅಂದರೆ ನಗುತ್ತಾ ಮುಚ್ಚಿಬಿಡಿ.

ಎರಡನೆಯದು ಸೂರ್ಯನ ಕಲೆಗಳು. ಇವು ದಿನದಿನಕ್ಕೆ ಜಾಗ ಬದಲಿಸುತ್ತವೆ, ಹುಟ್ಟುತ್ತವೆ, ಅಳಿಯುತ್ತವೆ. ಬೆಳಿಗ್ಗೆಯೇ ಅವತ್ತಿನ ಸೂರ್ಯನ ಒಂದು ನಂಬಬಹುದಾದ ಚಿತ್ರ ಇಳಿಸಿಕೊಳ್ಳಿ. ಪ್ರಸಾರದಲ್ಲಿನ ಕಲೆಗಳು ಅದಕ್ಕೆ ಹೊಂದಿದರೆ ಅದು ಇವತ್ತಿನ ಸೂರ್ಯ. ಹೊಂದದಿದ್ದರೆ 2016ರದೋ 2019ರದೋ ಇರಬೇಕು. ಚಿತ್ರ ತಲೆಕೆಳಗಾಗಿರುವ ಸಾಧ್ಯತೆಯನ್ನೂ ನೋಡಿ. ದಕ್ಷಿಣ ಗೋಳಾರ್ಧದಿಂದ ಬಂದದ್ದಾದರೆ ದಕ್ಷಿಣ ಮೇಲಿರಬಹುದು, ಕೆಲವು ಟೆಲಿಸ್ಕೋಪ್ ಎಡ-ಬಲ ಅದಲುಬದಲು ಮಾಡುತ್ತವೆ.

ಐದು ಪಿಕ್ಸೆಲ್ಲಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. 1080 ಗೆರೆಯ ವಿಡಿಯೊದಲ್ಲಿ ಸೂರ್ಯ ಪರದೆ ತುಂಬಿ 1000 ಪಿಕ್ಸೆಲ್ (ಚಿತ್ರ ಕಟ್ಟುವ ಅತಿ ಸಣ್ಣ ಚೌಕ) ಅಗಲ ಇದ್ದ ಅಂದುಕೊಳ್ಳಿ. ಬುಧ 194ರಲ್ಲಿ ಒಂದು ಪಾಲು, ಅಂದರೆ ಐದೇ ಪಿಕ್ಸೆಲ್. ಅದೇ ವಿಡಿಯೊ 480ಕ್ಕೆ ಇಳಿದರೆ ಎರಡು ಪಿಕ್ಸೆಲ್ಲಿನ ಆಸುಪಾಸು. 240ಕ್ಕೆ ಇಳಿದರೆ ಬುಧ ಮಾಯ, ಬರೀ ಹಳದಿ ತಟ್ಟೆ ಉಳಿಯುತ್ತದೆ. ಯೂಟ್ಯೂಬ್ ಇಂಟರ್ನೆಟ್ ನಿಧಾನ ಆದಾಗ ನಿಮ್ಮನ್ನು ಕೇಳದೆ ಗುಣಮಟ್ಟ ಇಳಿಸುತ್ತದೆ. ಅದಕ್ಕೆ ಸೆಟ್ಟಿಂಗ್ಸ್‌ನ ಹಲ್ಲಿನ ಚಕ್ರ ಒತ್ತಿ, ಗುಣಮಟ್ಟದಲ್ಲಿ 'ಆಟೊ' ತೆಗೆದು 1080 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಆರಿಸಿ. ನಡುನಡುವೆ ನಿಂತು ನಿಂತು ಓಡಿದರೂ ಪರವಾಗಿಲ್ಲ. ಬುಧ ಎಲ್ಲೂ ಓಡಿಹೋಗುವುದಿಲ್ಲ.

43 ಇಂಚಿನ ಟಿವಿಯಲ್ಲಿ ಸೂರ್ಯ ಅರ್ಧ ಮೀಟರ್ ಅಗಲ ಬಂದರೆ ಬುಧ ಎರಡೂವರೆ ಮಿಲಿಮೀಟರ್, ಒಂದು ಸಾಸಿವೆ ಕಾಳು. ಮೂರು ಮೀಟರ್ ದೂರದಿಂದ ಕಾಣುತ್ತದೆ. ಶಾಲೆಯ ಕೋಣೆಯ ಕೊನೇ ಬೆಂಚಿನಿಂದ ಕಷ್ಟ. ಅಲ್ಲಿ ಪ್ರೊಜೆಕ್ಟರ್ ಬೇಕು, ಕಿಟಕಿಗಳಿಗೆ ದಪ್ಪ ಚಾದರ ಕಟ್ಟಿ ಕತ್ತಲು ಮಾಡಬೇಕು.

ಊಹೆ ಯಾಕೆ, ಮೊದಲೇ ಪರೀಕ್ಷೆ ಮಾಡಿಬಿಡಿ. ಕಂಪ್ಯೂಟರಿನ ಪೇಂಟ್‌ನಲ್ಲಿ 1920 ಅಗಲ, 1080 ಎತ್ತರದ ಕಪ್ಪು ಹಾಳೆ ತೆರೆಯಿರಿ. ಅದರ ಮೇಲೆ 1000 ಪಿಕ್ಸೆಲ್ಲಿನ ಹಳದಿ ವೃತ್ತ. ವೃತ್ತದೊಳಗೆ ಎಲ್ಲೋ ಒಂದು ಕಡೆ ಐದು ಪಿಕ್ಸೆಲ್ಲಿನ ಕಪ್ಪು ಚುಕ್ಕೆ. ಇದನ್ನು ಟಿವಿಯಲ್ಲಿ ಪೂರ್ತಿ ಪರದೆಗೆ ಹಾಕಿ. ಕೋಣೆಯಲ್ಲಿ ಎಲ್ಲರಿಗಿಂತ ಹಿಂದೆ ಕೂರುವವರನ್ನು ಕರೆದು 'ಚುಕ್ಕೆ ಎಲ್ಲಿದೆ ಹೇಳ್ರಿ' ಅಂತ ಕೇಳಿ. ಸರಿಯಾಗಿ ಬೆರಳು ತೋರಿಸಿದರೆ ನಿಮ್ಮ ಕೋಣೆ ತಯಾರು. ತಡಕಾಡಿದರೆ ಕುರ್ಚಿಗಳನ್ನು ಮುಂದೆ ಎಳೆಯಿರಿ.

ಈ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಕೆಲವು ಟಿವಿಗಳಲ್ಲಿ 'ನಾಯ್ಸ್ ರಿಡಕ್ಷನ್' ಅಂತ ಇರುತ್ತದೆ. ಚಿತ್ರದ ಸಣ್ಣ ಕಾಳುಕಾಳನ್ನು ಒರೆಸಿ ನಯ ಮಾಡುವುದು ಅದರ ಕೆಲಸ. ಅದು ಬುಧನನ್ನೂ ಮಂಕು ಮಾಡೀತು, ಆಫ್ ಮಾಡಿ. ಫೋನಿನ ಪರದೆಯನ್ನು ವೈಫೈ ಮೂಲಕ ಟಿವಿಗೆ ಮಿರರ್ ಮಾಡುವುದಕ್ಕಿಂತ ಟಿವಿಯ ಯೂಟ್ಯೂಬ್‌ನಲ್ಲೇ ತೆರೆಯುವುದು, ಇಲ್ಲವೇ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಹಾಕುವುದು ಒಳ್ಳೆಯದು.

ಕೊನೆಗೆ ಟಿವಿ ಒರೆಸಿ. ನಮ್ಮ ಕಡೆಯ ಧೂಳು ಗೊತ್ತಲ್ವಾ? ಪರದೆ ಮೇಲೆ ಒಂದು ನೊಣ ಕೂತು ಹೋದ ಗುರುತಿದ್ದರೂ ಅದೇ ಬುಧ ಅಂತ ಇಡೀ ಮನೆ ಕೈಮುಗಿದುಬಿಡುತ್ತದೆ. ಟಿವಿ ಬಂದ್ ಮಾಡಿ, ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಪ್ರೊಜೆಕ್ಟರ್ ಆದರೆ ಅದರ ಲೆನ್ಸ್ ನೋಡಿ. ಅನುಮಾನ ಬಂದಾಗ ವಿಡಿಯೊದ ಕಿಟಕಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಚಿತ್ರದ ಜೊತೆ ಸರಿಯದೆ ಅಲ್ಲೇ ಉಳಿದ ಚುಕ್ಕೆ ನಿಮ್ಮ ಟಿವಿಯದು.

ಡೇಟಾ, ಕರೆಂಟು

1080ರಲ್ಲಿ ಯೂಟ್ಯೂಬ್ ಗಂಟೆಗೆ ಸುಮಾರು ಒಂದೂವರೆಯಿಂದ ಮೂರು ಜಿಬಿ ತಿನ್ನುತ್ತದೆ. ಮೊಬೈಲಿನ ದಿನದ ಎರಡು ಜಿಬಿ ಮೊದಲ ತಾಸಿಗೇ ಮುಗಿಯಬಹುದು. ಬ್ರಾಡ್‌ಬ್ಯಾಂಡ್ ಇರುವ ಮನೆಯಲ್ಲಿ ಸೇರುವುದೇ ಜಾಣತನ. ಇಲ್ಲದಿದ್ದರೆ ಶುರುವಿನ 20 ನಿಮಿಷ, ಎರಡೂವರೆಗೆ ಐದು ನಿಮಿಷ, ಕೊನೆಯ 20 ನಿಮಿಷ ಅಂತ ಹಂಚಿಕೊಂಡು ನೋಡಿ. ನಡುವೆ ಏನೂ ಕಳೆದುಹೋಗುವುದಿಲ್ಲ.

ಕರೆಂಟು ಹೋದರೆ ಇನ್ವರ್ಟರ್ ಟಿವಿಯನ್ನು ನಡೆಸೀತು, ಆದರೆ ರೌಟರ್ ಅದಕ್ಕೆ ಜೋಡಿಸಿದೆಯಾ ನೋಡಿಕೊಳ್ಳಿ. ರೌಟರಿಗೇ ಹಾಕುವ ಚಿಕ್ಕ ಯುಪಿಎಸ್ ಅಂಗಡಿಗಳಲ್ಲಿ ಸಿಗುತ್ತದೆ.

ಯಾವುದು ಬುಧ, ಯಾವುದು ಕಲೆ?

1631ರ ನವೆಂಬರ್ 7ರಂದು ಪ್ಯಾರಿಸ್‌ನಲ್ಲಿ ಪಿಯರ್ ಗ್ಯಾಸೆಂಡಿ ಎಂಬ ಖಗೋಳಜ್ಞ ಬುಧ ಸಂಕ್ರಮಣವನ್ನು ಮೊದಲ ಸಲ ಕಂಡ. ಇನ್ನೊಬ್ಬ ಖಗೋಳಜ್ಞ ಕೆಪ್ಲರ್ ಹಾಕಿಟ್ಟ ಲೆಕ್ಕದ ಆಧಾರದ ಮೇಲೆ ಕಾದು ಕೂತಿದ್ದ. ಟೆಲಿಸ್ಕೋಪಿನಿಂದ ಕತ್ತಲೆ ಕೋಣೆಯ ಹಾಳೆ ಮೇಲೆ ಸೂರ್ಯನನ್ನು ಬೀಳಿಸಿ ನೋಡುತ್ತಿದ್ದ. ಚುಕ್ಕೆ ಕಂಡಾಗ ಇದು ಸೂರ್ಯನ ಕಲೆಯೇ ಇರಬೇಕು ಅಂದುಕೊಂಡ, ಯಾಕೆಂದರೆ ಬುಧ ಇಷ್ಟು ಸಣ್ಣದಿರುತ್ತದೆ ಅಂತ ಅವನಿಗೆ ಅನಿಸಿರಲಿಲ್ಲ. ಚುಕ್ಕೆ ಬೇಗ ಬೇಗ ಸರಿಯತೊಡಗಿದ ಮೇಲೆಯೇ ಬುಧ ಅಂತ ಖಾತ್ರಿಯಾಯಿತು.

ನೀವೂ ಅದೇ ಗುರುತು ಹಿಡಿಯಿರಿ. ಬುಧ ಅಚ್ಚಗಪ್ಪು, ಅಚ್ಚುಕಟ್ಟಾದ ದುಂಡು. ಕಲೆಗಳು ಅಂಕುಡೊಂಕು, ನಡುವೆ ಕಪ್ಪಗಿದ್ದು ಸುತ್ತ ಬೂದು ಅಂಚು ಇರುತ್ತದೆ, ಗುಂಪಾಗಿಯೂ ಇರುತ್ತವೆ. ಕಾಲು ತಾಸು ಕಾದು ನೋಡಿ. ಕಲೆ ಇದ್ದಲ್ಲೇ ಇರುತ್ತದೆ, ಬುಧ ಮುಂದೆ ಹೋಗಿರುತ್ತದೆ. ಉತ್ತರ ಮೇಲಿರುವ ಚಿತ್ರದಲ್ಲಿ ಬುಧ ಎಡ ಅಂಚಿನಿಂದ ಬಂದು ಬಲಕ್ಕೆ ಹೋಗುತ್ತದೆ. 2032ರಲ್ಲಿ ಅದರ ದಾರಿ ಸೂರ್ಯನ ಮೇಲರ್ಧದಲ್ಲಿ.

ಒಳಗೆ ಬಂದು ಅಂಚು ಬಿಡುವ ಗಳಿಗೆಯಲ್ಲಿ ಚುಕ್ಕೆ ಅಂಚಿಗೆ ಅಂಟಿಕೊಂಡಂತೆ, ಹನಿಯಾಗಿ ಎಳೆದಂತೆ ಕಾಣಬಹುದು. ಪ್ರಸಾರದ ತಪ್ಪಲ್ಲ ಅದು. ಶುಕ್ರ ಸಂಕ್ರಮಣದ ಸಮಯ ಅಳೆಯಲು ಹೊರಟ 18ನೇ ಶತಮಾನದವರನ್ನು ಈ ಹನಿ ಚೆನ್ನಾಗಿ ಸತಾಯಿಸಿತ್ತು.

ಹಾಳೆ ಅಂಟಿಸಿ ಗುರುತು ಹಾಕಿ

ನನ್ನ ಕೇಳಿದರೆ ಇಡೀ ದಿನದ ಸುಖ ಇರುವುದು ಇದರಲ್ಲಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಹಾಳೆಗಳನ್ನು ಜೋಡಿಸಿ ಟಿವಿಯ ಚೌಕಟ್ಟಿಗೆ ಹಗುರವಾಗಿ ಟೇಪ್ ಮಾಡಿ. ಪರದೆಗೆ ಅಂಟಿಸಬೇಡಿ. ಹಾಳೆಯ ಮೇಲೆ ಮಾರ್ಕರ್ ಪೆನ್ನಿನಿಂದ ಸೂರ್ಯನ ಅಂಚು ಬರೆಯಿರಿ, ಪರದೆ ಒತ್ತದ ಹಾಗೆ. ದೊಡ್ಡ ಕಲೆ ಇದ್ದರೆ ಅದನ್ನೂ. ಆಮೇಲೆ ಪ್ರತಿ ಅರ್ಧ ತಾಸಿಗೆ ಒಬ್ಬೊಬ್ಬ ಹುಡುಗ-ಹುಡುಗಿ ಎದ್ದು ಬಂದು ಬುಧನ ಮೇಲೆ ಒಂದು ಚುಕ್ಕೆ ಇಟ್ಟು ಪಕ್ಕದಲ್ಲಿ ಸಮಯ ಬರೆಯಲಿ. ಅರ್ಧ ಮೀಟರ್ ಅಗಲದ ಸೂರ್ಯನ ಮೇಲೆ ಬುಧ ಅರ್ಧ ತಾಸಿಗೆ ನಾಲ್ಕೂವರೆ ಸೆಂಟಿಮೀಟರ್ ಸರಿಯುತ್ತದೆ. ಎರಡನೇ ಚುಕ್ಕೆ ಬಿದ್ದ ಕೂಡಲೇ ಮಕ್ಕಳ ಮುಖ ನೋಡಿ. 'ಏನೂ ಆಗ್ತಿಲ್ಲ' ಅನ್ನುತ್ತಿದ್ದವರೇ ಗಡಿಯಾರ ನೋಡತೊಡಗುತ್ತಾರೆ.

ಇದಕ್ಕೆ ಉತ್ತರ ಮೇಲಿದ್ದು ತಿರುಗದ ಚಿತ್ರವೇ ಬೇಕು. ಕೆಲವು ನೆಲದ ಟೆಲಿಸ್ಕೋಪ್‌ಗಳಲ್ಲಿ ಹೊತ್ತು ಹೋದಂತೆ ಸೂರ್ಯನ ಚಿತ್ರವೇ ನಿಧಾನಕ್ಕೆ ತಿರುಗುತ್ತದೆ, ನೇರ ದಾರಿ ಬಾಗಿದಂತೆ ಬರುತ್ತದೆ. ಟಿವಿಗೆ ಹಾಳೆ ಹಚ್ಚಲು ಮನಸ್ಸಿಲ್ಲದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಒಂದರ ಮೇಲೊಂದು ಜೋಡಿಸಬಹುದು.

ಹೈಸ್ಕೂಲಿನವರಿಗೆ ಒಂದು ಲೆಕ್ಕ. ಸೂರ್ಯನ ನಿಜವಾದ ಅಗಲ ಸುಮಾರು 13,92,000 ಕಿ.ಮೀ., ಬುಧನದು 4,879 ಕಿ.ಮೀ. ಭಾಗಿಸಿದರೆ 285 ಬರುತ್ತದೆ. ಪರದೆಯಲ್ಲಿ ಮಾತ್ರ 194. ಯಾಕೆ? ಬುಧ ನಮಗೆ ಹತ್ತಿರ ಇದೆ, ಅವತ್ತು ಸುಮಾರು 10 ಕೋಟಿ ಕಿ.ಮೀ. ಸೂರ್ಯ 14.8 ಕೋಟಿ. ಹತ್ತಿರದ್ದು ತುಸು ದೊಡ್ಡದಾಗಿ ಕಾಣುತ್ತದೆ. ಉತ್ತರ ನೀವೇ ಹೇಳಬೇಡಿ, ಅವರೇ ಹುಡುಕಲಿ.

ನಡುವಿನ ನಾಲ್ಕು ತಾಸು

ಪ್ರಸಾರದ ಮಾತು ಇಂಗ್ಲಿಷಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಧ್ವನಿ ಸಣ್ಣದು ಮಾಡಿ, ನಿಮ್ಮಲ್ಲೇ ಮಾತುಗಾರರೊಬ್ಬರು ಕನ್ನಡದಲ್ಲಿ ಹೇಳಲಿ. ಹೇಳಲು ಸರಕು ಬೇಕಲ್ಲ, ಸ್ವಲ್ಪ ಇಲ್ಲಿದೆ.

ಬುಧ ಮತ್ತೆ ಮತ್ತೆ ನಮ್ಮ ಮತ್ತು ಸೂರ್ಯನ ನಡುವೆ ಬರುತ್ತಿದ್ದರೂ ಪ್ರತಿ ಸಲ ಅಡ್ಡ ಹಾಯುವುದಿಲ್ಲ. ಅದರ ದಾರಿ ನಮ್ಮ ದಾರಿಗೆ 7 ಡಿಗ್ರಿ ಓರೆ. ಹೆಚ್ಚಿನ ಸಲ ಸೂರ್ಯನ ಮೇಲೋ ಕೆಳಗೋ ತಪ್ಪಿಸಿಕೊಂಡು ಹೋಗುತ್ತದೆ. ಮೇ ಇಲ್ಲವೇ ನವೆಂಬರ್‌ನಲ್ಲಿ ಮಾತ್ರ ಸರಿಯಾಗಿ ಹೊಂದುತ್ತದೆ. ನೂರು ವರ್ಷಕ್ಕೆ 13-14 ಸಲ.

1651ರಲ್ಲಿ ಜೆರೆಮಿಯಾ ಶೇಕರ್ಲಿ ಎಂಬ ಇಂಗ್ಲಿಷಿನವ ಸೂರತ್‌ನಲ್ಲಿ ಕೂತು ಬುಧ ಸಂಕ್ರಮಣ ನೋಡಿದ್ದ. 1874ರ ಶುಕ್ರ ಸಂಕ್ರಮಣಕ್ಕೆ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಜನರಿಗೆ ತಿಳಿಸಲೆಂದೇ ಸಣ್ಣ ಪುಸ್ತಕ ಬರೆದರು. ಅದು ಕನ್ನಡದಲ್ಲೂ ಬಂತು. ಅಂದರೆ 'ಹೀಗೆ ನೋಡಿ' ಅಂತ ಕನ್ನಡದಲ್ಲಿ ಹೇಳುವ ಕೆಲಸ ಶುರುವಾಗಿ ಒಂದೂವರೆ ಶತಮಾನ ದಾಟಿದೆ.

ಎಲ್ಲಕ್ಕಿಂತ ಒಳ್ಳೆ ಕತೆ ಲ ಜಾಂಟಿ ಎಂಬ ಫ್ರೆಂಚ್ ಖಗೋಳಜ್ಞನದು. 1761ರ ಶುಕ್ರ ಸಂಕ್ರಮಣ ನೋಡಲು ಪುದುಚೇರಿಗೆ ಹೊರಟ. ಅವನು ತಲುಪುವ ಮೊದಲೇ ಊರು ಇಂಗ್ಲಿಷರ ಕೈಸೇರಿತ್ತು. ಸಂಕ್ರಮಣದ ದಿನ ಸಮುದ್ರದ ನಡುವೆ, ಹೊಯ್ದಾಡುವ ಹಡಗಿನಲ್ಲಿ. ನೋಡಿದ, ಅಳೆಯಲು ಆಗಲಿಲ್ಲ. ಮನೆಗೆ ಹೋಗದೆ 1769ರದ್ದಕ್ಕೆ ಕಾದ. ಪುದುಚೇರಿಯಲ್ಲೇ ವೀಕ್ಷಣಾಲಯ ಕಟ್ಟಿದ. ಆ ದಿನ ಬೆಳಿಗ್ಗೆ ಮೋಡ ಕವಿಯಿತು. 1771ರಲ್ಲಿ ಫ್ರಾನ್ಸಿಗೆ ಮರಳಿದಾಗ ಅಲ್ಲಿ ಅವನು ಸತ್ತ ಅಂತಲೇ ತೀರ್ಮಾನವಾಗಿ, ಬಂಧುಗಳು ಆಸ್ತಿಗೆ ಕೈಹಾಕಿದ್ದರು. ಎರಡನೇ ಟ್ಯಾಬ್ ತೆರೆದಿಡಿ ಅಂತ ಹೇಳಿದ್ದು ಇದಕ್ಕೇ.

'ಗ್ರಹಣದ ಹಾಗೆ ಊಟ ಬಿಡಬೇಕಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬುಧ ಮುಚ್ಚುವುದು ಸೂರ್ಯನ ಮುಖದ 37 ಸಾವಿರ ಪಾಲಿನಲ್ಲಿ ಒಂದನ್ನು ಮಾತ್ರ. ಬೆಳಕು ಕಡಿಮೆಯಾಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಗಿರ್ಮಿಟ್ಟು, ಮಿರ್ಚಿ, ಚಹಾ ಧಾರಾಳವಾಗಿ ನಡೆಯಲಿ.

ಹೊರಗೆ ಹೋಗಿ ನೋಡುವ ಆಸೆ ಬಂದರೆ

ಟಿವಿಯಲ್ಲಿ ನೋಡಿದವರು ಅಂಗಳಕ್ಕೆ ಓಡಿ ತಲೆ ಎತ್ತುತ್ತಾರೆ, ಸಹಜ. ಬರಿಗಣ್ಣಲ್ಲಿ ಬೇಡವೇ ಬೇಡ. ಎಕ್ಸ್‌ರೇ ಹಾಳೆ, ಕರಿ ಹಿಡಿಸಿದ ಗಾಜು, ತಂಪು ಕನ್ನಡಕ, ಪರಾತದ ನೀರಿನಲ್ಲಿ ಬಿಂಬ ನೋಡುವುದು, ಯಾವುದೂ ಬೇಡ. ಗುಣಮಟ್ಟದ ಗ್ರಹಣ ಕನ್ನಡಕದಲ್ಲಿ ಸೂರ್ಯನನ್ನು ನೋಡಬಹುದು, ಬುಧ ಕಾಣುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಆ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ಗೆ ಕಣ್ಣಿಟ್ಟರೆ ಕಣ್ಣೇ ಹೋಗಬಹುದು. ಸೂಜಿರಂಧ್ರದ ಪೆಟ್ಟಿಗೆಯೂ ಈ ಕೆಲಸಕ್ಕೆ ಬಾರದು.

ಅಲ್ಲಿಯವರೆಗೆ ತಾಲೀಮು

ಹಳೆಯ ಸಂಕ್ರಮಣಗಳ ಎಸ್‌ಡಿಒ ವಿಡಿಯೊ ಯೂಟ್ಯೂಬ್‌ನಲ್ಲಿವೆ. ಒಂದನ್ನು ದೊಡ್ಡ ಪರದೆಗೆ ಹಾಕಿ, ಮೊದಲು 1080ರಲ್ಲಿ, ಆಮೇಲೆ 240ರಲ್ಲಿ ನೋಡಿ. ಐದು ಪಿಕ್ಸೆಲ್ಲಿನ ಮಾತು ಆಗ ಮನಸ್ಸಿಗೆ ನಾಟುತ್ತದೆ. 2027ರ ಆಗಸ್ಟ್ 2ರಂದು ಸ್ಪೇನ್, ಈಜಿಪ್ಟ್ ಕಡೆ ಪೂರ್ಣ ಸೂರ್ಯಗ್ರಹಣ ಇದೆ. ಭಾರತದ ಬಹುಭಾಗಕ್ಕೆ ಪಾರ್ಶ್ವ ಗ್ರಹಣ. ನಮ್ಮಲ್ಲಿ ಮಳೆಗಾಲ, ಆಕಾಶವನ್ನು ನಂಬುವ ಹಾಗಿಲ್ಲ. ಪ್ರಸಾರ, ಟಿವಿ, ರೌಟರ್, ನೆರೆಹೊರೆ ಎಲ್ಲವನ್ನೂ ಸೇರಿಸಿ ಒಂದು ಸಲ ನಡೆಸಿ ನೋಡಲು ಒಳ್ಳೆಯ ದಿನ.

2032ರ ಸಂಜೆ 4:37 ಆದ ಮೇಲೆ ಟಿವಿಯಿಂದ ಬಿಚ್ಚಿದ ಹಾಳೆಯ ಮೂಲೆಯಲ್ಲಿ ತಾರೀಖು, ಯಾವ ಪ್ರಸಾರ, ಉತ್ತರ ಯಾವ ಕಡೆ ಅಂತ ಬರೆದು ಸುರುಳಿ ಸುತ್ತಿಡಿ. 2039ರ ನವೆಂಬರ್ 7ರಂದು ಮಧ್ಯಾಹ್ನ 12:47ರಿಂದ 3:45ರವರೆಗೆ ಬುಧ ಮತ್ತೆ ಹಾಯುತ್ತದೆ, ಆಗಲೂ ನಮ್ಮ ಹಗಲಲ್ಲೇ. ಆ ಸಲ ದಾರಿ ಸೂರ್ಯನ ಕೆಳ ಅಂಚಿನ ಹತ್ತಿರ. ಅಷ್ಟೇ ಅಳತೆಯ ಸೂರ್ಯ ಬರುವ ಹಾಗೆ ಪರದೆ ಹೊಂದಿಸಿಕೊಂಡರೆ ಎರಡೂ ದಾರಿ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ.